ಹಿಂದಿನ ಕಿಟಕಿಯ ಬೀಗ

ಹೊರಡುವ ದಿನ ಬೀಗದಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದವನು, ಮುಖಕ್ಕೆ ನೀರು ಹಾಕಿಕೊಂಡದ್ದೇ ತಡ, ಬೀದಿಗೆ ಓಡಿ ಗಾಡಿಯ ಸುತ್ತ ಸುತ್ತತೊಡಗಿದ. ಚಕ್ರ ಒದ್ದು ನೋಡಿದ, ಕನ್ನಡಿ ಒರೆಸಿದ, ಒರೆಸಿದ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಂಡ. ಅರವತ್ತು ದಾಟಿದ ಗಂಡಸು ಹೊಸ ಚಪ್ಪಲಿ ಸಿಕ್ಕ ಮಗುವಿನ ಹಾಗೆ ಆಡುವುದನ್ನು ಕಂಡು ಎದುರುಮನೆಯವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ನಗಲಿ ಬಿಡಿ, ಅವನಿಗೆ ಅದೆಲ್ಲ ಕಣ್ಣಿಗೆ ಬೀಳುವ ಹೊತ್ತೇ ಅಲ್ಲ ಅದು.

ಒಂದು ಕಾಲಕ್ಕೆ ಶಾಲೆ ಮಕ್ಕಳನ್ನು ಹೊತ್ತು ಹೊತ್ತು ಸುಸ್ತಾಗಿದ್ದ ಮಿನಿಬಸ್ಸು ಅದು. ಗುಜರಿಗೆ ಹೋಗಬೇಕಾದದ್ದನ್ನು ಇವನು ಎಳೆದು ತಂದು, ಸೀಟುಗಳನ್ನೆಲ್ಲ ಕಿತ್ತುಹಾಕಿ, ಹಿಂದುಗಡೆ ಅಡ್ಡಲಾಗಿ ಮಂಚ ಕೂರಿಸಿದ. ನಡುವೆ ಕಪಾಟು, ಮುಂದೆ ಬಾಗಿಲ ಪಕ್ಕದಲ್ಲಿ ಗ್ಯಾಸ್ ಒಲೆ, ಒಲೆಯ ಕೆಳಗೆ ಪುಟ್ಟ ಸಿಲಿಂಡರ್. ಹೆಂಡತಿ ಹಳದಿ ಬಟ್ಟೆಯ ಪರದೆ ಹೊಲಿದಳು. ಹೊರಗೆ ಹಸಿರು ಬಣ್ಣ ಬಿದ್ದ ಮೇಲೆ ಅದನ್ನು ಬಸ್ಸು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅದನ್ನು ಗಾಡಿಮನೆ ಎಂದು ಕರೆದರು, ಬೀದಿಯೂ ಹಾಗೇ ಕರೆಯಿತು.

ಬೀಗದಣ್ಣನ ವಿಷಯ ಒಂದಿಷ್ಟು ಹೇಳಬೇಕು. ಬೀಗ ಮಾಡುವುದು, ಕೂರಿಸುವುದು, ಕೀಲಿ ಕಳೆದುಕೊಂಡವರ ಬೀಗ ತೆರೆದುಕೊಡುವುದು, ಇದೇ ಅವನ ಕಸುಬು. ಅವನು ಕೂರಿಸಿದ ಬೀಗವಿಲ್ಲದ ಮನೆ ಆ ಬೀದಿಯಲ್ಲಿ ಇರಲಿಲ್ಲ. ಅವನು ಎಲ್ಲರಿಗೂ ಅಣ್ಣನಾದ ಮೇಲೆ ಅವನ ಹೆಂಡತಿ ಎಲ್ಲರಿಗೂ ಅತ್ತಿಗೆ. ತಮಾಷೆ ಏನೆಂದರೆ, ಕಳ್ಳ ಅನ್ನುವ ಪ್ರಾಣಿ ಅವನ ಜನ್ಮದಲ್ಲಿ ಒಮ್ಮೆಯೂ ಎದುರಿಗೆ ಬಂದಿರಲಿಲ್ಲ. ಆದರೂ ಮೂರು ಹೊತ್ತೂ ಅವನಿಗೆ ಕಳ್ಳರದೇ ಧ್ಯಾನ. ಊಟಕ್ಕೆ ಕೂತರೆ ಹಿತ್ತಲ ಬಾಗಿಲ ನೆನಪು, ಮಲಗಿದರೆ ಕಿಟಕಿಯ ನೆನಪು. ಅತ್ತಿಗೆ ಎಷ್ಟೋ ಸಲ ಹಂಗಿಸಿದ್ದಳು, ನನ್ನ ಹುಟ್ಟಿದ ದಿನ ನಿಮಗೆ ನೆನಪಿರಲ್ಲ, ಕಳ್ಳಂದು ಕೇಳಿದರೆ ಹೇಳ್ತೀರಿ ಅಂತ.

ಇಂಥವನು ಗಾಡಿಮನೆಯನ್ನು ಬಿಡುತ್ತಾನೆಯೇ? ಕಿಟಕಿ ಕಿಟಕಿಗೂ ಕಬ್ಬಿಣದ ಗ್ರಿಲ್ ಬಿತ್ತು. ಮಕ್ಕಳ ಬಸ್ಸಾದ್ದರಿಂದ ಹಿಂಬದಿಯಲ್ಲೊಂದು ದೊಡ್ಡ ಕಿಟಕಿಯಿತ್ತು. ಅಪಾಯ ಬಂದಾಗ ಕೆಂಪು ಹಿಡಿ ಎಳೆದರೆ ಇಡೀ ಗಾಜು ಹೊರಕ್ಕೆ ತೆರೆದುಕೊಳ್ಳುತ್ತಿತ್ತು. ಅದನ್ನು ನೋಡಿ ಬೀಗದಣ್ಣನಿಗೆ ಮೈಯೆಲ್ಲ ಉರಿಯಿತು. ಕಳ್ಳರಿಗೆ ಇದಕ್ಕಿಂತ ದೊಡ್ಡ ರಾಜಬೀದಿ ಬೇಕೇ? ಹಿಡಿ ಕಿತ್ತ, ಪಕ್ಕಕ್ಕೆ ಸರಿಯುವ ಗಾಜು ಹಾಕಿದ, ಹೊರಗಿನಿಂದ ಬಾಗಿಲಿನ ಹಾಗೆ ತೆರೆಯುವ ಗ್ರಿಲ್ ಜೋಡಿಸಿ, ತನ್ನ ಕೈಯಾರೆ ಮಾಡಿದ ಬೀಗ ಕೂರಿಸಿದ. ಆ ಬೀಗದ ಹೊಟ್ಟೆಯಲ್ಲಿ ಅವನು ಒಂದು ಸುಳ್ಳು ಹಲ್ಲು ಇಟ್ಟಿದ್ದ. ಕೀಲಿಯಲ್ಲದೆ ಬೇರೇನಾದರೂ ತೂರಿಸಿದರೆ ಆ ಹಲ್ಲು ಬಿದ್ದು ಎಲ್ಲವನ್ನೂ ಕಚ್ಚಿ ಹಿಡಿಯುತ್ತಿತ್ತು. ಇದನ್ನು ನಾನೇ ಕೀಲಿ ಇಲ್ಲದೆ ತೆಗೆಯಲಾರೆ ಎಂದು ಬಂದವರಿಗೆಲ್ಲ ಹೇಳಿ ಎದೆ ಉಬ್ಬಿಸಿದ.

ಒಬ್ಬಳೇ ಮಗಳು, ಪಕ್ಕದ ಊರಲ್ಲಿ ಬಸ್ ಓಡಿಸುವವಳು, ಹೊರಡುವ ಹಿಂದಿನ ವಾರ ಬಂದು ಎಲ್ಲ ನೋಡಿದಳು. ಮೊದಲು ಹೊಗಳಿದಳು, ಆಮೇಲೆ ಹುಬ್ಬು ಗಂಟಿಕ್ಕಿದಳು. ಹೊಗೆ ಬಂದರೆ ಕೂಗುವ ಪುಟ್ಟ ಡಬ್ಬಿಯನ್ನು ಅವಳೇ ಕೊಡಿಸಿದ್ದಳು, ಅದಕ್ಕೆ ಬ್ಯಾಟರಿಯೇ ಇರಲಿಲ್ಲ. ಬ್ರೆಡ್ಡು ಸ್ವಲ್ಪ ಸೀದರೂ ಬೊಬ್ಬೆ ಹೊಡೆಯುತ್ತೆ ಎಂದು ಅಪ್ಪ ಬ್ಯಾಟರಿ ಕಿತ್ತು ಗೋಡೆ ಗಡಿಯಾರಕ್ಕೆ ಹಾಕಿಬಿಟ್ಟಿದ್ದ. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಒಲೆಯ ನೆತ್ತಿಯ ಮೇಲೇ ನೇತುಹಾಕಿದ್ದ. ಬೆಂಕಿ ಹತ್ತುವುದು ಒಲೆಯ ಹತ್ತಿರ ತಾನೇ, ಕೈಗೆ ಸಿಗುವ ಹಾಗಿರಲಿ ಎಂದು ಅವನ ವಾದ. ಮಗಳು ಕೊನೆಗೆ ಮಂಚದ ಮೇಲೆ ಹತ್ತಿ ಕೂತು ಹಿಂದಿನ ಗ್ರಿಲ್ ಅಲ್ಲಾಡಿಸಿದಳು.

"ಅಪ್ಪ, ಒಲೆ ಇರೋದು ಬಾಗಿಲ ಪಕ್ಕ. ಅಲ್ಲೇ ಬೆಂಕಿ ಬಿದ್ರೆ ಅಮ್ಮ ಇಲ್ಲಿಂದ ಹೇಗೆ ಹೊರಗೆ ಬರ್ತಾಳೆ?"

ಕೀಲಿ ಇದೆಯಲ್ಲ, ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡ್ತಿದೆ ನೋಡು ಎಂದು ಅವನು ನಗುತ್ತ ತೋರಿಸಿದ. ಮಗಳು ಮೊಳೆಯನ್ನು ನೋಡಿದಳು, ಮೊಳೆಯ ಕೆಳಗಿದ್ದ ಒಲೆಯನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು. ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತಿಗೆ ಊಟಕ್ಕೆ ಕರೆದಳು, ಮಾತು ಅಲ್ಲಿಗೇ ನಿಂತಿತು. ಊಟ ಯಾರನ್ನು ಕೇಳಿ ಬರುತ್ತದೆ ಹೇಳಿ.

ಅಂತೂ ಹೊರಟರು. ಆಹಾ, ಆ ಹೊರಟ ಸಡಗರವನ್ನು ಏನೆಂದು ಹೇಳುವುದು! ಅತ್ತಿಗೆ ಮದುವೆಯಾದಾಗಿನಿಂದ ಆ ಬೀದಿ ಬಿಟ್ಟು ನೆಟ್ಟಗೆ ಎಲ್ಲಿಗೂ ಹೋದವಳಲ್ಲ. ಮನೆಗೆ ಬೀಗ ಹಾಕಿ ಹೋಗಲು ಬೀಗದವನಿಗೆ ಧೈರ್ಯ ಇರಲಿಲ್ಲ, ಅದಕ್ಕೇ. ಈಗ ಮನೆಯನ್ನೇ ಜೊತೆಗೆ ಕರೆದುಕೊಂಡು ಹೋಗುವ ಉಪಾಯ ಸಿಕ್ಕಿತ್ತು. ಮುಂದಿನ ಸೀಟಿನಲ್ಲಿ ಕಾಲು ಮೇಲಕ್ಕೆತ್ತಿ ಕೂತು ಅವಳು ಕಂಡದ್ದನ್ನೆಲ್ಲ ಓದಿ ಹೇಳಿದಳು, ಅಂಗಡಿ ಬೋರ್ಡು, ಲಾರಿಯ ಬೆನ್ನು, ಸೇತುವೆಯ ಹೆಸರು. ದಾರಿ ಕೆಟ್ಟುಹೋಗಿತ್ತು. ಗುಂಡಿಗೊಮ್ಮೆ ಗಾಡಿಮನೆ ಎಗರಿ ಬೀಳುತ್ತಿತ್ತು, ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಒಲೆಯ ಹಿಂದೆ ಗ್ಯಾಸಿನ ರಬ್ಬರ್ ಪೈಪು ತಗಡಿನ ತೂತೊಂದರಲ್ಲಿ ಹಾದುಹೋಗಿತ್ತು. ಬೀಗದಣ್ಣನೇ ಕೊರೆದ ತೂತು, ನೋಡಲು ಬಲು ಅಚ್ಚುಕಟ್ಟು, ಅಂಚು ಮಾತ್ರ ಬ್ಲೇಡಿನಂತೆ ಹರಿತ. ಎಗರಿದಾಗಲೆಲ್ಲ ಪೈಪು ಆ ಅಂಚಿಗೆ ಉಜ್ಜಿಕೊಳ್ಳುತ್ತಿತ್ತು. ಇವರಿಬ್ಬರೂ ಹಾಡು ಹೇಳಿಕೊಳ್ಳುತ್ತಿದ್ದರು, ಇನ್ನು ಪೈಪಿನ ಗೋಳು ಯಾರಿಗೆ ಕೇಳಿಸಬೇಕು.

ಸಂಜೆಗೆ ಒಂದು ಕೆರೆಯ ದಂಡೆ ಸಿಕ್ಕಿತು. ಇಂಥ ಗಾಡಿಮನೆಗಳು ಬಂದು ತಂಗಲೆಂದೇ ಬಿಟ್ಟಿದ್ದ ಬಯಲು. ಒಂದು ನಲ್ಲಿ, ನಾಲ್ಕಾರು ಮರ, ಅಲ್ಲೊಂದು ಇಲ್ಲೊಂದು ಗಾಡಿ. ಪಕ್ಕದಲ್ಲೇ ನಿಂತಿದ್ದ ನೀಲಿ ವ್ಯಾನಿನಿಂದ ಒಬ್ಬ ಇಳಿದ. ಹೊಟ್ಟೆಯವರೆಗೆ ಗಡ್ಡ, ತೋಳಿನ ತುಂಬ ಹಚ್ಚೆ, ಬಾಯಲ್ಲಿ ಮಾತೇ ಇಲ್ಲ. ಬಂದವನು ಹಸಿರು ಗಾಡಿಯ ಸುತ್ತ ಮೆಲ್ಲಗೆ ನಡೆದು, ಹಿಂದಿನ ಕಿಟಕಿಯ ಮುಂದೆ ನಿಂತು, ಗ್ರಿಲ್ಲನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿ, ಹಲ್ಲು ಕಿರಿದು ಹೋದ. ಬೀಗದಣ್ಣ ನೋಡುತ್ತಲೇ ಇದ್ದ. ಕೊನೆಗೂ ಬಂದನಲ್ಲ! ಇಷ್ಟು ವರ್ಷ ಕಾದ ಅತಿಥಿ ಎದುರಿಗೇ ನಿಂತಂತಾಯಿತು ಅವನಿಗೆ. ಸೆಕೆಯೆಂದು ಅತ್ತಿಗೆ ಹಿಂದಿನ ಗ್ರಿಲ್ ತೆರೆದಿಡಿ ಎಂದು ಗೋಗರೆದಳು. ಇವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಗಾಜು ಬೇಕಾದರೆ ಸರಿಸಿಕೋ ಎಂದು ಹೇಳಿ ಗ್ರಿಲ್ಲಿಗೆ ಬೀಗ ಜಡಿದು, ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಒಂದು ಕಣ್ಣು ತೆರೆದುಕೊಂಡೇ ಮಲಗಿದ.

ಬೆಳಗಾಯಿತು. ಕೆರೆಯ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಬೀಗದಣ್ಣ ಬಕೆಟ್ಟು ಹಿಡಿದು ನಲ್ಲಿಗೆ ಹೋದ. ಅತ್ತಿಗೆ ಸಿಲಿಂಡರಿನ ತಿರುಪು ಬಿಟ್ಟು, ಒಲೆ ಹಚ್ಚಿ, ಟೀಗೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಬಟ್ಟೆ ಬದಲಿಸೋಣವೆಂದು ಹಿಂದೆ ಮಂಚದ ಹತ್ತಿರ ಹೋಗಿ ಪರದೆ ಎಳೆದುಕೊಂಡಳು. ಒಲೆಯ ಹಿಂದೆ ಉಜ್ಜಿ ಉಜ್ಜಿ ಸವೆದಿದ್ದ ಪೈಪು ಬಾಯಿ ಬಿಟ್ಟಿತ್ತು. ಗ್ಯಾಸು ಸದ್ದಿಲ್ಲದೆ ಕೆಳಗಿಳಿದು ನೆಲದ ಮೇಲೆ ಹಾಸಿಕೊಂಡಿತು.

ನಲ್ಲಿಯ ಬಳಿ ಬೀಗದಣ್ಣನಿಗೆ ಕೇಳಿಸಿದ್ದು ಭುಸ್ ಎಂಬ ಒಂದೇ ಸದ್ದು. ತಿರುಗಿ ನೋಡಿದರೆ, ಗಾಡಿಮನೆಯ ಬಾಗಿಲಿನಿಂದ ಬೆಂಕಿ ನಾಲಿಗೆ ಚಾಚಿತ್ತು. ಬಕೆಟ್ಟು ಹಿಡಿದೇ ಎದ್ದೆನೋ ಬಿದ್ದೆನೋ ಎಂದು ಓಡಿದ. ಬಾಗಿಲ ಮೆಟ್ಟಿಲ ಮೇಲೆ ಕಾಲಿಟ್ಟು ನೀರು ಎರಚಿದ. ಬಾಣಲೆಗೆ ಹನಿ ಬಿದ್ದ ಹಾಗೆ ಚುಂಯ್ ಎಂದಿತು, ಅಷ್ಟೇ. ಬಿಸಿ ಉಸಿರು ಮುಖಕ್ಕೆ ಬಡಿದು ಅವನನ್ನು ಹಿಂದಕ್ಕೆ ತಳ್ಳಿತು. ಬೆಂಕಿ ಆರಿಸುವ ಕೆಂಪು ಸಿಲಿಂಡರು ಒಲೆಯ ಮೇಲೆ ಜ್ವಾಲೆಯ ನಟ್ಟನಡುವೆ ತೂಗಾಡುತ್ತಿತ್ತು. ಮೊಳೆ ಕಾಣಿಸಿತು, ಮೊಳೆಯಲ್ಲಿ ಕೀಲಿಯೂ ಕಾಣಿಸಿತು. ಕೈ ಚಾಚಿದ. ತೋಳಿನ ಕೂದಲೆಲ್ಲ ಸುಟ್ಟು ವಾಸನೆ ಬಂತೇ ಹೊರತು ಕೀಲಿ ಕೈಗೆ ಬರಲಿಲ್ಲ.

ಸುತ್ತಿ ಹಿಂದಕ್ಕೆ ಓಡಿದ. ಅತ್ತಿಗೆ ಮಂಚದ ಮೇಲೆ ಮಂಡಿಯೂರಿ, ಗಾಜು ಸರಿಸಿ, ಗ್ರಿಲ್ಲಿನ ಸಂದಿಗೆ ಮೂಗು ಒತ್ತಿ ಉಸಿರು ಎಳೆದುಕೊಳ್ಳುತ್ತಿದ್ದಳು. ಅವಳ ತಲೆಯ ಮೇಲಿಂದ ಕಪ್ಪು ಹೊಗೆ ಹೊರಳಿ ಹೊರಳಿ ಬರುತ್ತಿತ್ತು. ಅವಳ ಹಿಂದೆ ಹಳದಿ ಪರದೆ ಕೆಳಗಿನಿಂದ ಹೊತ್ತಿಕೊಳ್ಳುತ್ತಿತ್ತು.

ಬೀಗದಣ್ಣನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕಸುಬಿನವನ ಜೇಬು, ತಂತಿಯ ಕೊಕ್ಕೆಗಳು ಯಾವಾಗಲೂ ಅಲ್ಲೇ. ತೆಳ್ಳನೆಯ ಕೊಕ್ಕೆ ತೂರಿಸಿದ. ಮೊದಲ ಹಲ್ಲು ಎದ್ದಿತು, ಎರಡನೆಯದೂ ಎದ್ದಿತು. ಸುಳ್ಳು ಹಲ್ಲು ಟಕ್ಕೆಂದು ಬಿದ್ದು ಕೊಕ್ಕೆಯನ್ನು ಕಚ್ಚಿ ಮುರಿಯಿತು. ಇನ್ನೊಂದು ತೆಗೆದ. ಸ್ವಲ್ಪ ವಾರೆಯಾಗಿ ಹಿಡಿದರೆ ಬರಬಹುದೇನೋ, ಮುರಿದ ಚೂರನ್ನು ಮೊದಲು ಹೊರಗೆಳೆದರೆ ಆಗಬಹುದೇನೋ. ಈಗ ನಾನು ಹೇಳುವುದನ್ನು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಂಥ ಹೊತ್ತಿನಲ್ಲೂ ಅವನ ಕಣ್ಣು ಬೀಗದ ತೂತಿನೊಳಗೆ ಇಳಿದುಬಿಟ್ಟಿತ್ತು. ಬೀಗವೆಂದರೆ ತೆರೆಯಬೇಕು, ಅದೊಂದೇ ಅವನಿಗೆ ಗೊತ್ತಿದ್ದದ್ದು. ಕಲ್ಲು ಎತ್ತಿಕೊಳ್ಳಬೇಕು, ಕೂಗಬೇಕು, ಯಾರನ್ನಾದರೂ ಕರೆಯಬೇಕು, ಇದಾವುದೂ ಆ ತಲೆಗೆ ಹೊಳೆಯಲಿಲ್ಲ. ಬೆಪ್ಪುತಕ್ಕಡಿ! ಹೆಂಡತಿ ಉಸಿರಿಗೆ ಒದ್ದಾಡುತ್ತಿದ್ದಾಳೆ, ಇವನು ಬೀಗದ ಜೊತೆ ಚದುರಂಗ ಆಡುತ್ತಿದ್ದಾನೆ.

ಅತ್ತಿಗೆ ಗ್ರಿಲ್ಲಿನ ಸಂದಿಯಿಂದ ಬೆರಳು ತೂರಿಸಿ ಅವನ ಗಲ್ಲ ಹಿಡಿದು ಮೇಲಕ್ಕೆತ್ತಿದಳು.

"ರೀ, ಆ ಬೀಗದ ಮುಖ ನೋಡಿದ್ದು ಸಾಕು. ನನ್ನ ಮುಖ ನೋಡಿ. ಜನಾನ ಕರೀರಿ."

ಅವನು ನೋಡಿದ. ಮಸಿ ಹತ್ತಿದ ಮುಖ, ನೀರು ಸುರಿಯುವ ಕಣ್ಣು, ಸುಟ್ಟು ಸುರುಟಿದ ಮುಂಗೂದಲು. ಅವಳಿಲ್ಲದ ಮನೆ ಹೇಗಿರುತ್ತದೆಂದು ಆ ಕ್ಷಣದಲ್ಲಿ ಅವನಿಗೆ ಕಂಡುಬಿಟ್ಟಿತು. ಕೈಯಿಂದ ಕೊಕ್ಕೆ ಜಾರಿತು. ಹೊಟ್ಟೆಯೊಳಗಿನಿಂದ ಒಂದು ಕೂಗು ಎದ್ದು ಬಂತು. ಆ ಕೂಗಿಗೆ ಕೆರೆಯ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು.

ಗಡ್ಡದವನು ಆಗಲೇ ಅರ್ಧ ದಾರಿ ಓಡಿ ಬಂದಿದ್ದ. ಅವನ ಕೈಯಲ್ಲಿ ಕೆಟ್ಟ ಗಾಡಿ ಎಳೆಯುವ ದಪ್ಪ ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಕೊಂಡಿ. ಪಕ್ಕಕ್ಕೆ ಬನ್ನಿ ಅಂದದ್ದೂ ಇಲ್ಲ, ಭುಜದಿಂದಲೇ ಬೀಗದಣ್ಣನನ್ನು ಸರಿಸಿ ಕೊಂಡಿಯನ್ನು ಗ್ರಿಲ್ಲಿನ ನಡುಸರಳಿಗೆ ಸಿಕ್ಕಿಸಿದ. ಹಗ್ಗದ ಇನ್ನೊಂದು ತುದಿ ನೀಲಿ ವ್ಯಾನಿನ ಹಿಂಬದಿಗೆ ಬಿತ್ತು. ವ್ಯಾನು ಓಡಿಸುವ ಸೀಟಿನಲ್ಲಿ ಗಡ್ಡದವನ ಹೆಂಡತಿ ಆಗಲೇ ಕೂತಿದ್ದಳು. ಗಡ್ಡದವನು ಕೈ ಬೀಸಿದ. ಅತ್ತಿಗೆಗೆ ಹಿಂದಕ್ಕೆ ಹೋಗಲು ಜಾಗವಿರಲಿಲ್ಲ, ಮಂಚದ ಮೇಲೆ ಮುಖ ಅಡಿಯಾಗಿ ಮಲಗಿಬಿಟ್ಟಳು.

ವ್ಯಾನು ಗುರ್ರೆಂದಿತು. ಹಗ್ಗ ಬಿಗಿಯಾಯಿತು, ಕಿರುಗುಟ್ಟಿತು. ಚಕ್ರ ನಿಂತಲ್ಲೇ ತಿರುಗಿ ಹುಲ್ಲು ಮಣ್ಣು ಎರಚಿತು. ಗ್ರಿಲ್ ಅಲ್ಲಾಡಲಿಲ್ಲ. ಎಷ್ಟು ಗಟ್ಟಿಯಾಗಿ ಕೂರಿಸಿದ್ದ ಮಹಾರಾಯ! ಜನ್ಮದಲ್ಲಿ ಮೊದಲ ಸಲ ಬೀಗದಣ್ಣ ತನ್ನ ಕೈಕೆಲಸ ಕೆಟ್ಟದಾಗಿರಲಿ ಎಂದು ಹಂಬಲಿಸಿದ. ಹಗ್ಗಕ್ಕೆ ಜೋತುಬಿದ್ದು ತಾನೂ ಎಳೆದ. ಬೇರೆ ಗಾಡಿಗಳಿಂದ ಬಂದವರೂ ಹಗ್ಗ ಹಿಡಿದರು. ವ್ಯಾನು ಸ್ವಲ್ಪ ಹಿಂದಕ್ಕೆ ಬಂದು ಮತ್ತೆ ಎಗರಿತು. ಈ ಸಲ ತಗಡು ಹರಿದ ಸದ್ದು ಬಂತು. ಗ್ರಿಲ್ಲು, ಚೌಕಟ್ಟು, ಗಾಜು, ತಗಡಿನ ಒಂದು ತುಂಡು, ಎಲ್ಲ ಒಟ್ಟಿಗೆ ಕಿತ್ತು ಬಯಲ ಮೇಲೆ ಪಲ್ಟಿ ಹೊಡೆಯುತ್ತ ಹೋದವು.

ಬೀಗದಣ್ಣ ಒಂದು ಕೈ ಹಿಡಿದ, ಗಡ್ಡದವನು ಇನ್ನೊಂದು. ಅತ್ತಿಗೆ ಹೊರಕ್ಕೆ ಜಾರಿ ಬಂದದ್ದೇ ಇಬ್ಬರ ಮೇಲೂ ಬಿದ್ದಳು. ಏಳಿ ಏಳಿ ಎಂದು ಯಾರೋ ಅರಚಿದರು. ಎದ್ದು ಕಾಲಿಗೆ ಬುದ್ಧಿ ಹೇಳಿದರು, ಮಂಡಿನೋವಿನ ಅತ್ತಿಗೆ ಎಲ್ಲರಿಗಿಂತ ಮುಂದೆ. ಮರಗಳ ಆಚೆ ತಲುಪಿದ್ದರೋ ಇಲ್ಲವೋ, ಢಮ್ ಎಂದು ಗ್ಯಾಸ್ ಸಿಲಿಂಡರು ಹಾರಿತು. ಗಾಡಿಮನೆಯ ಛಾವಣಿ ಮುಚ್ಚಳ ತೆಗೆದ ಡಬ್ಬಿಯಂತೆ ಮೇಲಕ್ಕೆದ್ದು ಮಗುಚಿಕೊಂಡಿತು. ಹಸಿರು ಬಣ್ಣ ಕಣ್ಣೆದುರೇ ಕಪ್ಪಾಯಿತು.

ಅತ್ತಿಗೆ ನೆಲದ ಮೇಲೆ ಕೂತು ಕೆಮ್ಮಿದಳು, ಅತ್ತಳು, ಆಮೇಲೆ ನಗತೊಡಗಿದಳು. ನಿಲ್ಲಿಸಲು ಆಗದ ನಗು. ನಾನು ಬದುಕಿದೀನಿ ಕಣ್ರೀ, ಬದುಕಿದೀನಿ ಎಂದು ಸಿಕ್ಕಿದವರ ಕೈಯನ್ನೆಲ್ಲ ಹಿಡಿದು ಹಿಡಿದು ಹೇಳಿದಳು. ಹುಬ್ಬು ಅರ್ಧ ಸುಟ್ಟಿತ್ತು, ಒಂದು ಕೈ ಮೇಲೆ ಬೊಬ್ಬೆ ಎದ್ದಿತ್ತು, ಅಷ್ಟೇ. ಬೀಗದಣ್ಣ ಅವಳ ಪಕ್ಕದಲ್ಲಿ ಕುಸಿದು ಕೂತು, ಅವಳ ಪಾದ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಸುತ್ತ ಜನ ನಿಂತಿದ್ದಾರೆಂಬ ನಾಚಿಕೆಯೂ ಅವನಿಗೆ ಉಳಿದಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವನು ಗಡ್ಡದವನ ಮುಂದೆ ನಿಂತು ಕೈಮುಗಿದ. ನಿನ್ನೆ ನಿಮ್ಮನ್ನು ಕಳ್ಳ ಅಂದುಕೊಂಡೆ ಎಂದು ಹೇಳಿಯೂಬಿಟ್ಟ. ಗಡ್ಡದವನು ತಲೆ ಕೆರೆದುಕೊಂಡ.

"ನಿಮ್ಮ ಕಿಟಕಿ ನೋಡಿ ಆಸೆ ಆಯ್ತು ಅಣ್ಣ. ನಮ್ಮ ವ್ಯಾನಿಗೂ ಇಂಥದ್ದೇ ಒಂದು ಹಾಕಿಸ್ಬೇಕು, ಯಾರು ಮಾಡಿದ್ದು ಅಂತ ಕೇಳೋಣ ಅಂತಿದ್ದೆ."

ಬೀಗದಣ್ಣ ಅದನ್ನು ಕೇಳಿ, ಹುಲ್ಲಿನ ಮೇಲೆ ಬಿದ್ದಿದ್ದ ಗ್ರಿಲ್ಲಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಚೌಕಟ್ಟು ಸೊಟ್ಟಗಾಗಿತ್ತು, ಸರಳುಗಳು ಬಾಗಿದ್ದವು, ಬೀಗ ಮಾತ್ರ ಹಾಕಿದ್ದು ಹಾಕಿದ ಹಾಗೇ ಇತ್ತು. ನಿಮ್ಮ ವ್ಯಾನಿಗೆ ಏನೂ ಬೇಡ, ಹಾಗೇ ಇರಲಿ ಎಂದಷ್ಟೇ ಹೇಳಿ ತಿರುಗಿದ.

ಅಗ್ನಿಶಾಮಕ ದಳದವರು ಬಂದು ಉಳಿದದ್ದನ್ನು ಆರಿಸಿದರು. ಸುದ್ದಿ ತಿಳಿದು ಮಧ್ಯಾಹ್ನಕ್ಕೆ ಮಗಳು ಕಾರಿನಲ್ಲಿ ಓಡಿ ಬಂದಳು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ, ಅಮ್ಮನನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಂದಿದ್ದರೇ ಅವನಿಗೆ ಹಗುರಾಗುತ್ತಿತ್ತೇನೋ. ದಾರಿಯುದ್ದಕ್ಕೂ ಅತ್ತಿಗೆ ನಡೆದದ್ದನ್ನು ಮತ್ತೆ ಮತ್ತೆ ಹೇಳಿದಳು, ಪ್ರತಿ ಸಲವೂ ವ್ಯಾನು ಇನ್ನಷ್ಟು ಜೋರಾಗಿ ಎಳೆಯಿತು, ಬೆಂಕಿ ಇನ್ನಷ್ಟು ಎತ್ತರಕ್ಕೆ ಹೋಯಿತು. ಬೀಗದಣ್ಣ ಹಿಂದಿನ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಕಾರು ಅವರ ಬೀದಿಗೆ ತಿರುಗಿದಾಗ ದೀಪ ಹಚ್ಚುವ ಹೊತ್ತು. ಒಂದೊಂದೇ ಮನೆಯಲ್ಲಿ ಬೆಳಕು ಮೂಡುತ್ತಿತ್ತು, ಬೆಳಕಿನ ಮುಂದೆ ಗ್ರಿಲ್ಲು, ಗ್ರಿಲ್ಲಿನ ಮೂಲೆಯಲ್ಲಿ ಬೀಗ. ಈ ಮನೆಯದು ಅವನದೇ ಕೆಲಸ. ಆ ಮನೆಯದೂ ಅವನದೇ. ಎದುರುಮನೆಯ ಮಕ್ಕಳು ಮಲಗುವ ಕೋಣೆಯ ಕಿಟಕಿಗೆ ಎರಡು ಬೀಗ ಹಾಕಿಸಿ ಎಂದು ಒತ್ತಾಯ ಮಾಡಿದವನೂ ಅವನೇ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಜನ ಅವನ ಬೀಗಗಳ ಹಿಂದೆ ಅಡುಗೆ ಮಾಡುತ್ತಿದ್ದರು, ಒಲೆ ಹಚ್ಚುತ್ತಿದ್ದರು, ಮಕ್ಕಳನ್ನು ಮಲಗಿಸುತ್ತಿದ್ದರು. ಅವನು ಮುಂದಕ್ಕೆ ಬಾಗಿ ಮಗಳ ಭುಜ ತಟ್ಟಿದ. ಕಾರು ನಿಲ್ಲಿಸು ಎಂದ.

ಮನೆಯ ಬಾಗಿಲು ತೆರೆದದ್ದೂ ಉಪಕರಣಗಳ ಚೀಲ ತಂದದ್ದೂ ಒಂದೇ ಉಸಿರಿಗೆ. ಮೊದಲು ಸ್ನಾನ ಮಾಡಿ, ಏನಾದರೂ ತಿನ್ನಿ ಎಂದು ಮಗಳು ಹೇಳುತ್ತಿದ್ದಂತೆಯೇ ಪಕ್ಕದ ಮನೆಯ ಗಂಟೆ ಒತ್ತಿದ. ಅಲ್ಲಿದ್ದ ಮುದುಕ ಮೇಷ್ಟ್ರು ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಅವರ ಕೋಣೆಯ ಕಿಟಕಿಗೆ ಅವನು ಗ್ರಿಲ್ಲೂ ಬೀಗವೂ ಪುಕ್ಕಟೆ ಹಾಕಿಕೊಟ್ಟಿದ್ದ, ಮೇಷ್ಟ್ರ ಮೇಲಿನ ಪ್ರೀತಿಗೆ. ಸೊಸೆ ಬಾಗಿಲು ತೆರೆದು, ಮಸಿ ಹತ್ತಿದ ಅವನ ಮುಖ ನೋಡಿ ಬೆಚ್ಚಿದಳು. ಕಿಟಕಿಯ ಕೀಲಿ ಕೊಡಮ್ಮ ಎಂದು ಇವನು ಕೈಚಾಚಿದ. ಅವಳು ಡ್ರಾಯರ್ ಹುಡುಕಿದಳು, ಕಪಾಟು ಹುಡುಕಿದಳು, ಗಂಡನನ್ನು ಕೂಗಿ ಕೇಳಿದಳು. ಎಲ್ಲೋ ಇಟ್ಟಿದ್ದೆವು ಎಂದರು ಇಬ್ಬರೂ. ಯಾವತ್ತೂ ತೆಗೆದೇ ಇರಲಿಲ್ಲವಂತೆ.

ಬೀಗದಣ್ಣ ಕೊಕ್ಕೆಗಳ ಕಡೆ ಕೈ ಹಾಕಲಿಲ್ಲ. ಚೀಲದಿಂದ ದೊಡ್ಡ ಸುತ್ತಿಗೆ ತೆಗೆದ. ಏಟಿನ ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಹಾಸಿಗೆಯಲ್ಲಿದ್ದ ಮೇಷ್ಟ್ರು ಕತ್ತು ತಿರುಗಿಸಿ ನೋಡಿದರು.

"ಏನಪ್ಪ ಇದು? ಕಳ್ಳ ಬಂದ್ರೆ ಏನು ಮಾಡ್ಲಿ ನಾನು?"

"ಬಂದ್ರೆ ಬರ್ಲಿ ಮೇಷ್ಟ್ರೇ. ಏನು ಬೇಕೋ ತಗೊಂಡು ಹೋಗ್ಲಿ."

ಬೀಗ ತುಂಡಾಗಿ ಕೆಳಗೆ ಬಿತ್ತು. ಗ್ರಿಲ್ ತುಕ್ಕಿನ ಸದ್ದು ಮಾಡುತ್ತ ತೆರೆದುಕೊಂಡಿತು, ತಂಪು ಗಾಳಿ ಕೋಣೆಗೆ ನುಗ್ಗಿತು. ಒಳಗಿನಿಂದ ಒಂದೇ ಬೆರಳಿಗೆ ಸರಿಯುವ ಚಿಲಕವೊಂದನ್ನು ಅವನು ಅಲ್ಲಿ ಕೂರಿಸಿದ. ಮೇಷ್ಟ್ರ ಕೈ ಹಿಡಿದು ಅವರಿಂದಲೇ ಅದನ್ನು ಸರಿಸಿ ನೋಡಿಸಿದ, ಒಮ್ಮೆಯಲ್ಲ, ಅವರು ಸಾಕಪ್ಪಾ ಅನ್ನುವವರೆಗೆ. ಚೀಲ ಹೆಗಲಿಗೇರಿಸಿ ಬೀದಿಗೆ ಬಂದಾಗ ಅತ್ತಿಗೆ ಅಲ್ಲಿರಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡೇ ಅವಳು ಆ ಮಕ್ಕಳಿದ್ದ ಎದುರುಮನೆಯ ಬಾಗಿಲು ತಟ್ಟುತ್ತಿದ್ದಳು.